ಮಾರ್ಫಿನ್ ಶುರುವಾದ ಮೇಲೆ ಮೋಷನ್ ನಿಂತಿದೆ, ನಾರು ಕೊಟ್ಟಷ್ಟೂ ಹೊಟ್ಟೆ ಉಬ್ಬರ

ಮಳೆಬಿಲ್ಲು (ಸೋಮವಾರ, ಬೆಳಿಗ್ಗೆ 7:10)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಕ್ಯಾನ್ಸರ್ ಮೂಳೆಗೆ ಹರಡಿದೆ. ಮೂರು ವಾರದಿಂದ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ನೋವಿನ ವಿಷಯದಲ್ಲಿ ಪುಣ್ಯ ಬಂತು, ರಾತ್ರಿ ನಿದ್ದೆ ಮಾಡುತ್ತಾರೆ, ಮಾತಾಡುತ್ತಾರೆ. ಆದರೆ ಮೋಷನ್ ಆಗಿ ಇವತ್ತಿಗೆ ಆರು ದಿನ.

ಮಲಬದ್ಧತೆ ಅಂದರೆ ನಾರು ಕಮ್ಮಿ ಅಂತ ತಾನೇ ನಾವೆಲ್ಲ ಕೇಳಿರುವುದು? ಸೊಪ್ಪು, ತರಕಾರಿ, ಹಣ್ಣು ಎಲ್ಲ ಜಾಸ್ತಿ ಮಾಡಿದೆ. ನಾಲ್ಕು ದಿನದಿಂದ ಇಸಬ್ಗೋಲ್ ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ. ಈಗ ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ. ಊಟ ಬೇಡ ಅನ್ನುತ್ತಾರೆ. ನಿನ್ನೆ ರಾತ್ರಿಯಂತೂ ಮಾರ್ಫಿನ್ ಮಾತ್ರೆಯನ್ನೇ ಪಕ್ಕಕ್ಕಿಟ್ಟರು. "ನೋವು ತಡ್ಕೋತೀನಿ ಮಗಾ, ಇದನ್ನ ತಡ್ಕೊಳ್ಳಕ್ಕಾಗಲ್ಲ" ಅಂದರು.

ಇಸಬ್ಗೋಲ್ ಇನ್ನೂ ಜಾಸ್ತಿ ಮಾಡಲಾ, ಅಥವಾ ಬೇರೆ ನಾರಿನ ಪುಡಿ ಏನಾದರೂ ಇದೆಯಾ?

ಹಸಿರು ತಟ್ಟೆ (ಸೋಮವಾರ, ಬೆಳಿಗ್ಗೆ 7:32)

ಎರಡೆರಡು ಚಮಚ ಒಟ್ಟಿಗೆ ಶುರು ಮಾಡಿದ್ದು ಜಾಸ್ತಿ ಆಯಿತು ಅನ್ನಿಸುತ್ತದೆ. ನಾರನ್ನು ನಿಧಾನವಾಗಿ ಏರಿಸಬೇಕು, ನೀರು ಚೆನ್ನಾಗಿ ಕುಡಿಸಬೇಕು. ದೊಡ್ಡವರಿಗೆ ದಿನಕ್ಕೆ 25 ಗ್ರಾಂ ನಾರಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಡಬೇಡಿ, ಒಂದು ವಾರ ಕೊಡಿ, ಹೊಟ್ಟೆ ಹೊಂದಿಕೊಳ್ಳುತ್ತದೆ. ನನಗೆ ಹತ್ತು ವರ್ಷದ ಮಲಬದ್ಧತೆ ಇದರಲ್ಲೇ ಹೋಯಿತು.

ನೈಟ್‌ಡ್ಯೂಟಿ (ಸೋಮವಾರ, ಬೆಳಿಗ್ಗೆ 7:41)

ಮಳೆಬಿಲ್ಲು, ದಯವಿಟ್ಟು ಒಂದು ವಾರ ಕಾಯಬೇಡಿ. ನಾನು ಉಪಶಮನ ಆರೈಕೆ, ಅಂದರೆ ದೊಡ್ಡ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ವಾರ್ಡಿನಲ್ಲಿ ನರ್ಸ್. ಇಸಬ್ಗೋಲ್ ಈಗಲೇ ನಿಲ್ಲಿಸಿ. ಮಾರ್ಫಿನ್ ನಿಲ್ಲಿಸಬೇಡಿ, ದಿಢೀರ್ ಬಿಟ್ಟರೆ ನೋವಿನ ಜೊತೆ ಬೆವರು, ನಡುಕ, ವಾಂತಿ ಎಲ್ಲ ಬರಬಹುದು.

ಮೊದಲು ಇದಕ್ಕೆ ಉತ್ತರ ಹೇಳಿ. ಗ್ಯಾಸ್ ಹೋಗುತ್ತಿದೆಯಾ? ವಾಂತಿ ಆಗಿದೆಯಾ? ಹೊಟ್ಟೆ ನೋವು ಅಲೆ ಅಲೆಯಾಗಿ ಬಂದು ಹೋಗುತ್ತಿದೆಯಾ? ಜ್ವರ? ಈ ಆರು ದಿನದಲ್ಲಿ ಸ್ವಲ್ಪವೂ ಏನೂ ಹೋಗಿಲ್ಲವಾ?

ಮಳೆಬಿಲ್ಲು (ಸೋಮವಾರ, ಬೆಳಿಗ್ಗೆ 7:58)

ಗ್ಯಾಸ್ ಸ್ವಲ್ಪ ಹೋಗುತ್ತದೆ ಅಂದರು ಮೇಡಂ. ವಾಂತಿ ಇಲ್ಲ, ಜ್ವರ ಇಲ್ಲ. ಬೆಳಿಗ್ಗೆ ಬಟ್ಟೆಗೆ ನೀರು ನೀರಾಗಿ ಸ್ವಲ್ಪ ಅಂಟಿತ್ತು. ಅಪ್ಪನಿಗೆ ಗೊತ್ತೇ ಆಗಿಲ್ಲ. ಸಡಿಲ ಆಗುತ್ತಿದೆ, ಇನ್ನು ಸರಿಹೋಗುತ್ತದೆ ಅಂದುಕೊಂಡೆ.

ನೈಟ್‌ಡ್ಯೂಟಿ (ಸೋಮವಾರ, ಬೆಳಿಗ್ಗೆ 8:03)

ಅದು ಸಡಿಲ ಆಗಿದ್ದಲ್ಲ, ಅದಕ್ಕೇ ಕೇಳಿದ್ದು. ಕೆಳಗೆ ಗಟ್ಟಿ ಮಲ ಬಿರಡೆಯ ಹಾಗೆ ಕೂತಿರುತ್ತದೆ. ಮೇಲಿನ ನೀರು ಅದರ ಸಂದಿಯಿಂದ ಸೋರಿ ಬರುತ್ತದೆ. ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟವರನ್ನೂ ನೋಡಿದ್ದೇನೆ. ಆಮೇಲೆ ಪಡಬಾರದ ಪಾಡು.

ನಿಮ್ಮ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಆರು ದಿನ, ಹೊಟ್ಟೆ ಉಬ್ಬರ, ನೀರು ಸೋರುತ್ತಿರುವುದು, ಇಸಬ್ಗೋಲ್ ಕೊಟ್ಟದ್ದು, ನಾಲ್ಕನ್ನೂ ಹೇಳಿ. ಅವರು ಗುದದೊಳಗೆ ಬೆರಳು ಹಾಕಿ ಪರೀಕ್ಷೆ ಮಾಡಬೇಕಾಗುತ್ತದೆ. ಕೀಮೋ ನಡೆಯುತ್ತಿದ್ದರೆ ಅದನ್ನೂ ಹೇಳಿ. ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಎನಿಮಾ (ಗುದದ್ವಾರದಿಂದ ಬಿಡುವ ದ್ರವ), ಸಪೊಸಿಟರಿ (ಗುದದ್ವಾರದೊಳಗೆ ಇಡುವ ಗುಳಿಗೆ) ಮನೆಯಲ್ಲಿ ಸುಮ್ನೆ ಹಾಕುವಂಥದ್ದಲ್ಲ. ಈ ಮಧ್ಯೆ ವಾಂತಿ ಶುರುವಾದರೆ, ಗ್ಯಾಸ್ ಪೂರ್ತಿ ನಿಂತರೆ, ನೋವು ಜೋರಾದರೆ ಫೋನಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಮಳೆಬಿಲ್ಲು (ಸೋಮವಾರ, ಬೆಳಿಗ್ಗೆ 8:05)

ಫೋನ್ ಮಾಡುತ್ತಿದ್ದೇನೆ. ಆಮೇಲೆ ಬರುತ್ತೇನೆ.

ಹಸಿರು ತಟ್ಟೆ (ಸೋಮವಾರ, ಬೆಳಿಗ್ಗೆ 9:20)

ಅವರ ಅಪ್ಪನಿಗೆ ಬೇಗ ಗುಣವಾಗಲಿ. ನನ್ನ ಮಾತಿನಿಂದ ತಡ ಆಗಿದ್ದರೆ ಕ್ಷಮೆ ಇರಲಿ. ಆದರೂ ಒಂದು ವಿಷಯ ಅರ್ಥ ಆಗುತ್ತಿಲ್ಲ. ನಾರು ಎಲ್ಲರಿಗೂ ಒಳ್ಳೆಯದು, ಇವರಿಗೆ ಮಾತ್ರ ಹೇಗೆ ಕೆಟ್ಟದ್ದಾಗುತ್ತದೆ? ಮಲಬದ್ಧತೆ ಮಲಬದ್ಧತೆಯೇ ಅಲ್ವಾ?

ಫಾರ್ಮಸಿ ಕೌಂಟರ್ (ಸೋಮವಾರ, ಮಧ್ಯಾಹ್ನ 1:15)

ಅಲ್ಲ ಸರ್. ಹೊರಗಿನಿಂದ ಒಂದೇ ಥರ ಕಾಣುತ್ತದೆ, ಒಳಗೆ ಬೇರೆ. ಊಟದ ಬಿಡುವಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಭೇದಿಯಾದಾಗ ಕೊಡುವ ಲೋಪೆರಮೈಡ್ ಮಾತ್ರೆ ಎಲ್ಲರಿಗೂ ಗೊತ್ತು. ಅದು ಯಾವ ಜಾತಿಯ ಔಷಧಿ ಗೊತ್ತಾ? ಅದೂ ಓಪಿಯಾಯ್ಡ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ಗುಂಪಿನದು, ಮಾರ್ಫಿನ್ನಿನ ದಾಯಾದಿ. ಸಾಮಾನ್ಯ ಡೋಸಿನಲ್ಲಿ ಮೆದುಳಿಗೆ ಹೋಗುವುದಿಲ್ಲ, ಕರುಳಿನಲ್ಲೇ ಕೆಲಸ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಅಂದರೆ ಕರುಳನ್ನು ಕಟ್ಟಿಹಾಕುವುದು ಈ ಔಷಧಿಗಳಿಗೆ ಆಕಸ್ಮಿಕ ಅಲ್ಲ. ಮಾರ್ಫಿನ್ ತೆಗೆದುಕೊಳ್ಳುವವರು ಒಂದು ಲೆಕ್ಕದಲ್ಲಿ ದಿನವೂ ಭೇದಿ ನಿಲ್ಲಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ. ಭೇದಿ ಇಲ್ಲದೆಯೇ.

ಇನ್ನು ನಾರಿನ ಕೆಲಸ. ನಾರು ತಾನೇ ಏನನ್ನೂ ತಳ್ಳುವುದಿಲ್ಲ. ನೀರು ಹಿಡಿದು ಉಬ್ಬಿ ಮಲದ ಗಾತ್ರ ಹೆಚ್ಚಿಸುತ್ತದೆ, ಕರುಳಿನ ಗೋಡೆ ಹಿಗ್ಗುತ್ತದೆ. ಹಿಗ್ಗಿದ್ದು ಗೋಡೆಯೊಳಗಿನ ನರಗಳಿಗೆ ತಿಳಿಯುತ್ತದೆ. ಆಗ ಉಂಡೆಯ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ, ಉಂಡೆ ಮುಂದಕ್ಕೆ ಹೋಗುತ್ತದೆ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನುವ ಇಂಗ್ಲೆಂಡಿನ ಇಬ್ಬರು ಶರೀರಶಾಸ್ತ್ರಜ್ಞರು 1899ರಲ್ಲೇ ಇದನ್ನು ಬರೆದಿಟ್ಟರು. ಮೆದುಳಿನ ಅಪ್ಪಣೆಯೂ ಬೇಕಿಲ್ಲ, ಕರುಳಿಗೆ ತನ್ನದೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ.

ಮಾರ್ಫಿನ್ ಹೋಗಿ ಕೂರುವುದು ಈ ನರಗಳ ಮೇಲೇ. ಅಲ್ಲಿ 'ಮ್ಯೂ' ಅನ್ನುವ ಗ್ರಾಹಕಗಳಿವೆ, ಅಂದರೆ ಔಷಧಿ ಬಂದು ಅಂಟಿಕೊಳ್ಳುವ ತಾಣಗಳು, ಮೆದುಳಿನಲ್ಲಿ ನೋವು ತಗ್ಗಿಸುವುದೂ ಅದೇ ಬಗೆಯವು. ಮಾರ್ಫಿನ್ ಅಲ್ಲಿ ಕೂತಾಗ ಮುಂದೆ ತಳ್ಳುವ ಅಲೆ ಕ್ಷೀಣವಾಗುತ್ತದೆ. ಬದಲಿಗೆ ಕರುಳು ನಿಂತಲ್ಲೇ ಹಿಂಡುತ್ತಿರುತ್ತದೆ. ಒಳಗೆ ಒಸರುವ ನೀರು ಕಡಿಮೆಯಾಗುತ್ತದೆ. ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರಿನಂಶ ಬರುತ್ತದೆ, ಅದು ಬಹುಪಾಲನ್ನು ಹೀರಿಕೊಳ್ಳುತ್ತದೆ. ಮಲ ಅಲ್ಲೇ ಹೆಚ್ಚು ದಿನ ಕೂತರೆ ಇನ್ನೂ ಹೀರಿ ಒಣಗಿಸುತ್ತದೆ. ಗುದದ್ವಾರದ ಬಿಗಿ ಹೆಚ್ಚಾಗುತ್ತದೆ. ಹೋಗಬೇಕು ಅನ್ನುವ ಅವಸರವೂ ಮಂಕಾಗುತ್ತದೆ.

ಈಗ ಇಸಬ್ಗೋಲ್ ಹಾಕಿ ನೋಡಿ. ಗೋಡೆ ಹಿಗ್ಗುತ್ತದೆ, ಆದರೆ ಉತ್ತರ ಕೊಡಬೇಕಾದ ನರ ಮಂಪರಿನಲ್ಲಿದೆ. ಗಾತ್ರ ಹೆಚ್ಚಾಯಿತು, ನಡಿಗೆ ಹೆಚ್ಚಾಗಲಿಲ್ಲ. ನೀರು ಸಾಲದಿದ್ದರೆ ಅದೇ ಅಂಟಿನ ಮುದ್ದೆಯಾಗಿ ದಾರಿ ಕಟ್ಟಬಹುದು. ಹಣ್ಣು ತರಕಾರಿಯ ನಾರಿನಲ್ಲಿ ಒಂದಷ್ಟನ್ನು ಕರುಳಿನ ಬ್ಯಾಕ್ಟೀರಿಯಾ ಕೊಳೆಸಿ ಗ್ಯಾಸ್ ಮಾಡುತ್ತವೆ, ಆ ಗ್ಯಾಸಿಗೂ ಬೇಗ ಹೊರದಾರಿ ಸಿಗುವುದಿಲ್ಲ. ಮಳೆಬಿಲ್ಲು ಅವರ ಅಪ್ಪನ ಹೊಟ್ಟೆ ತಮಟೆಯಾಗಿದ್ದು ಹೀಗೆ ಅಂತ ನನಗನ್ನಿಸುತ್ತದೆ.

ಹಳೇ ಸೊಂಟ (ಸೋಮವಾರ, ಮಧ್ಯಾಹ್ನ 2:02)

ಫಾರ್ಮಸಿ ಸರ್, ಇದನ್ನು ಮೂರು ವರ್ಷ ಮೊದಲು ಯಾರಾದರೂ ನನಗೆ ಹೇಳಿದ್ದರೆ!

ಸೊಂಟದ ಡಿಸ್ಕ್ ಆಪರೇಷನ್ ಆಗಿತ್ತು. ಮನೆಗೆ ಕಳಿಸುವಾಗ ನೋವಿಗೆ ಟ್ರಮಡಾಲ್ ಬರೆದುಕೊಟ್ಟರು, ಅದೂ ಓಪಿಯಾಯ್ಡೇ. ಚೀಟಿಯಲ್ಲಿ ಗ್ಯಾಸಿಗೆ ಒಂದು, ವಾಂತಿಗೆ ಒಂದು, ವಿಟಮಿನ್ ಒಂದು. ಮೋಷನ್ನಿಗೆ ಮಾತ್ರ ಏನೂ ಇಲ್ಲ, ಬಾಯಿಮಾತಿಗೂ ಹೇಳಲಿಲ್ಲ. ನಾಲ್ಕನೇ ದಿನ ಶುರುವಾಯಿತು ನೋಡಿ. ಬಗ್ಗುವ ಹಾಗಿಲ್ಲ, ತಿಣುಕುವ ಹಾಗಿಲ್ಲ, ತಿಣುಕಿದರೆ ಹೊಲಿಗೆ ಹಾಕಿದ ಜಾಗ ಕಿತ್ತುಬರುವ ಹಾಗೆ ನೋವು. ಕೊನೆಗೆ ಬಂದಿದ್ದು ಆಡಿನ ಹಿಕ್ಕೆಯಂಥ ನಾಲ್ಕು ಗುಂಡು. ಜೊತೆಗೆ ರಕ್ತ. ಗುದದ್ವಾರದಲ್ಲಿ ಬಿರುಕು ಬಿಟ್ಟಿತ್ತು. ಸೊಂಟ ಆರು ವಾರದಲ್ಲಿ ವಾಸಿಯಾಯಿತು, ಆ ಬಿರುಕು ಮೂರು ತಿಂಗಳು ಕಾಡಿತು.

ನಾನೂ ನಿಮ್ಮ ಅಪ್ಪನ ಹಾಗೇ ಮಾಡಿದೆ ಮಳೆಬಿಲ್ಲು. ನೋವಿನ ಮಾತ್ರೆ ಅರ್ಧ ಮಾಡಿದೆ, ಆಮೇಲೆ ಬಿಟ್ಟೇಬಿಟ್ಟೆ. ನೋವಿಗೆ ನಡೆಯಲಿಲ್ಲ, ನಡೆಯದೆ ಹೊಟ್ಟೆ ಇನ್ನೂ ಕಟ್ಟಿತು. ಡಾಕ್ಟರಿಗೆ ಹೇಳಲೂ ನಾಚಿಕೆ. ಬೆನ್ನು ಹೇಗಿದೆ ಅಂತ ಕೇಳಿದರು, ಚೆನ್ನಾಗಿದೆ ಅಂದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನೈಟ್‌ಡ್ಯೂಟಿ (ಸೋಮವಾರ, ಸಂಜೆ 4:30)

ಹಳೇ ಸೊಂಟ ಸರ್, ನಿಮ್ಮ ವಾಂತಿ ಮಾತ್ರೆ ಒಂಡಾನ್ಸೆಟ್ರಾನ್ ಆಗಿತ್ತಾ? ಆಗಿದ್ದರೆ ಅದೂ ಹೊಟ್ಟೆ ಕಟ್ಟುತ್ತದೆ. ಕಬ್ಬಿಣದ ಮಾತ್ರೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೆಲವು ಬಿಪಿ ಮಾತ್ರೆಗಳೂ ಹಾಗೇ. ಒಂದೇ ಚೀಟಿಯಲ್ಲಿ ಮೂರು ಸೇರಿದ್ದನ್ನು ನೋಡಿದ್ದೇನೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಆದರೆ ಪಟ್ಟಿ ಪೂರ್ತಿ ತೋರಿಸಿ.

ನಾಚಿಕೆಯ ಮಾತು ಹೇಳಿದಿರಲ್ಲ, ವಾರ್ಡಿನಲ್ಲಿ ನಾನು ಬೆಳಿಗ್ಗೆ ಮೊದಲು ಕೇಳುವುದೇ "ನೋವು ಹೇಗಿದೆ, ಮೋಷನ್ ಆಯ್ತಾ?" ಎರಡೂ ಒಂದೇ ಉಸಿರಿನಲ್ಲಿ. ಹಾಗೆ ಕೇಳಿದರೆ ಜನ ಸಲೀಸಾಗಿ ಹೇಳುತ್ತಾರೆ.

ಮಳೆಬಿಲ್ಲು (ಸೋಮವಾರ, ರಾತ್ರಿ 9:50)

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಹತ್ತು ಗಂಟೆಗೇ ಬರಹೇಳಿದರು. ಎಕ್ಸ್‌ರೇ ತೆಗೆದರು, ಕರುಳು ಪೂರ್ತಿ ಕಟ್ಟಿಲ್ಲ ಅಂದರು. ಕೆಳಗೆ ಗಟ್ಟಿಯಾಗಿ ತುಂಬಿಕೊಂಡಿತ್ತು, ಮೇಡಂ ಹೇಳಿದ ಹಾಗೇ. ಕೀಮೋ ಇಲ್ಲ, ರಕ್ತ ಪರೀಕ್ಷೆ ಸರಿ ಇತ್ತು. ಮೊದಲು ಸಪೊಸಿಟರಿ, ಆಮೇಲೆ ಎನಿಮಾ. ಎರಡು ಗಂಟೆ ಒದ್ದಾಡಿದರು. ಆಮೇಲೆ ಮುಖ ನೋಡಬೇಕಿತ್ತು! ಮನೆಗೆ ಬಂದು ಗಂಜಿ ಕುಡಿದು, ಮಾರ್ಫಿನ್ ತೆಗೆದುಕೊಂಡು ಮಲಗಿದ್ದಾರೆ.

ಇನ್ನು ಮುಂದೆ ರಾತ್ರಿ ಸೆನ್ನಾ ಮಾತ್ರೆ, ಬೆಳಿಗ್ಗೆ ನೀರಿಗೆ ಹಾಕಿ ಕುಡಿಯುವ ಪುಡಿ, ಪಾಲಿಎಥಿಲಿನ್ ಗ್ಲೈಕಾಲ್ ಅಂತೆ. ಮಾರ್ಫಿನ್ ಇರುವಷ್ಟು ದಿನವೂ ಕೊಡಬೇಕಂತೆ. ಇಷ್ಟು ದಿನ, ದಿನವೂ ಭೇದಿ ಮಾಡಿಸುವ ಔಷಧಿ ಕೊಟ್ಟರೆ ಅಭ್ಯಾಸ ಆಗಿಬಿಡುವುದಿಲ್ಲವಾ? ಸ್ವಲ್ಪ ದಿನ ಆದರೆ ಕರುಳು ಮಾರ್ಫಿನ್ನಿಗೆ ಒಗ್ಗಿಕೊಳ್ಳುವುದಿಲ್ಲವಾ? ಮೊದಲ ವಾರ ತೂಕಡಿಸುತ್ತಲೇ ಇದ್ದರು, ಈಗ ಅದು ಹೋಗಿದೆ.

ಫಾರ್ಮಸಿ ಕೌಂಟರ್ (ಸೋಮವಾರ, ರಾತ್ರಿ 10:25)

ತೂಕಡಿಕೆ, ವಾಕರಿಕೆ ಕೆಲವು ದಿನದಲ್ಲಿ ಇಳಿಯುತ್ತವೆ ಮೇಡಂ, ದೇಹ ಒಗ್ಗಿಕೊಳ್ಳುತ್ತದೆ. ಮಲಬದ್ಧತೆ ಮಾತ್ರ ಹಾಗಲ್ಲ. ಮಾತ್ರೆ ಇರುವವರೆಗೂ ಇರುತ್ತದೆ, ದೊಡ್ಡ ಕರುಳು ಒಗ್ಗಿಕೊಳ್ಳುವುದು ತೀರಾ ಕಡಿಮೆ. ಅದಕ್ಕೇ ಮೋಷನ್ನಿನ ಔಷಧಿಯನ್ನು ಮಾರ್ಫಿನ್ ಶುರುವಾದ ದಿನವೇ ಶುರು ಮಾಡಬೇಕು ಅನ್ನುವುದು. ಕಟ್ಟಿದ ಮೇಲೆ ಬಿಡಿಸುವುದು ಎಷ್ಟು ಕಷ್ಟ ಅಂತ ಇವತ್ತು ನೋಡಿದಿರಲ್ಲ.

ಕೊಟ್ಟಿರುವ ಎರಡೂ ಔಷಧಿ ಬೇರೆ ಬೇರೆ ಕೆಲಸದವು. ಸೆನ್ನಾ ಕರುಳಿನ ನರಗಳನ್ನು ಕೆಣಕಿ ಅಲೆ ಎಬ್ಬಿಸುತ್ತದೆ, ಪರಿಣಾಮಕ್ಕೆ 6ರಿಂದ 12 ಗಂಟೆ ಬೇಕು, ಅದಕ್ಕೇ ರಾತ್ರಿ. ಪುಡಿ ನೀರನ್ನು ಮಲದೊಳಗೆ ಹಿಡಿದಿಡುತ್ತದೆ. ಅದಕ್ಕೆ 1ರಿಂದ 3 ದಿನ ಬೇಕು, ನಾಳೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಮಾರ್ಫಿನ್ ಕೆಡಿಸಿದ್ದು ಎರಡು, ನಡಿಗೆ ಮತ್ತು ನೀರು. ಇವು ಆ ಎರಡನ್ನೇ ಸರಿ ಮಾಡುತ್ತವೆ.

ಅಭ್ಯಾಸದ ಭಯ ಬೇಡ. ಡಾಕ್ಟರ್ ಹೇಳಿದ ಡೋಸಿನಲ್ಲಿ ಸೆನ್ನಾ ಕರುಳನ್ನು ಸೋಮಾರಿ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಕಾರಣ ದಿನವೂ ಇದೆ, ಔಷಧಿಯೂ ದಿನವೂ ಇರುತ್ತದೆ.

ಇನ್ನೊಂದು. ಮಲ ಮೆತ್ತಗೆ ಮಾಡುವ ಡಾಕ್ಯುಸೇಟ್ ಅಂತ ಬರುತ್ತದೆ, ಬಹಳ ಜನ ಕೇಳಿಕೊಂಡು ಬರುತ್ತಾರೆ. ಇಂಥ ಮಲಬದ್ಧತೆಗೆ ಅದೊಂದನ್ನೇ ನಂಬಿದರೆ ಪ್ರಯೋಜನ ಕಮ್ಮಿ. ಮಲ ಮೆತ್ತಗಾದರೂ ತಳ್ಳುವವರು ಬೇಕಲ್ಲ.

ದೂರದ ಮಗ (ಮಂಗಳವಾರ, ಬೆಳಿಗ್ಗೆ 6:40)

ನಮ್ಮಮ್ಮನಿಗೆ ಸೆನ್ನಾ, ಪುಡಿ ಎರಡೂ ಪೂರ್ತಿ ಡೋಸಿನಲ್ಲಿ ಕೊಟ್ಟರೂ ವಾರಕ್ಕೆ ಎರಡೇ ಸಲ, ಅದೂ ತಿಣುಕಿ. ನೋವಿಗೆ ಫೆಂಟನಿಲ್ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸುವ ಓಪಿಯಾಯ್ಡ್ ಪಟ್ಟಿ ಹಾಕುತ್ತೇವೆ. ಮುಂದೇನು?

ಫಾರ್ಮಸಿ ಕೌಂಟರ್ (ಮಂಗಳವಾರ, ಬೆಳಿಗ್ಗೆ 8:15)

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ, ಜೊತೆಗೆ ತಿಣುಕುವುದು, ಗಟ್ಟಿ ಮಲ ಅಂದರೆ ಔಷಧಿ ಸಾಲುತ್ತಿಲ್ಲ ಅಂತಲೇ ಅರ್ಥ. ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ. ಒಂದು, ನೋವಿನ ಔಷಧಿಯನ್ನೇ ಬದಲಾಯಿಸಬಹುದಾ ಅಂತ. ನಿಮ್ಮ ತಾಯಿ ಆಗಲೇ ಪ್ಯಾಚಿನಲ್ಲಿದ್ದಾರೆ. ಬಾಯಿಂದ ಕೊಡುವ ಮಾರ್ಫಿನ್ನಿಗಿಂತ ಅದು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಕಟ್ಟುತ್ತದೆ, ಹಾಗಾಗಿ ಬದಲಾವಣೆಯಿಂದ ಎಷ್ಟು ಲಾಭ ಅನ್ನುವುದನ್ನು ಅವರೇ ನೋಡಬೇಕು.

ಎರಡು, ಕರುಳಿನ ಮ್ಯೂ ಗ್ರಾಹಕಗಳಿಂದ ಮಾತ್ರ ಓಪಿಯಾಯ್ಡನ್ನು ಎಬ್ಬಿಸಿ ಜಾಗ ಬಿಡಿಸುವ ಔಷಧಿಗಳಿವೆ. ಮೀಥೈಲ್‌ನಾಲ್ಟ್ರೆಕ್ಸೋನ್ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ನಲೊಕ್ಸೆಗಾಲ್ ಮಾತ್ರೆಗೆ 2014ರಲ್ಲಿ, ನಾಲ್ಡೆಮೆಡಿನ್ ಮಾತ್ರೆಗೆ 2017ರಲ್ಲಿ. ಇವು ಮೆದುಳಿಗೆ ಹೆಚ್ಚು ದಾಟುವುದಿಲ್ಲ, ಹಾಗಾಗಿ ನೋವು ತಗ್ಗಿಸುವ ಕೆಲಸ ಹಾಗೇ ಉಳಿಯುತ್ತದೆ. ಎಲ್ಲ ಕಡೆ ಸಿಗುವುದಿಲ್ಲ. ಬರೀ ಮಲಬದ್ಧತೆ ಅಲ್ಲ, ಕರುಳಿನ ದಾರಿಯೇ ಮುಚ್ಚಿದೆ ಅನ್ನುವ ಅನುಮಾನ ಇದ್ದರೂ ಕೊಡುವ ಹಾಗಿಲ್ಲ. ಮೊದಲು ಮಾಮೂಲಿ ಔಷಧಿ, ಅದು ಸೋತರೆ ಇದು.

ನೈಟ್‌ಡ್ಯೂಟಿ (ಮಂಗಳವಾರ, ಬೆಳಿಗ್ಗೆ 8:31)

ದೂರದ ಮಗ, ಅದಕ್ಕೂ ಮೊದಲು ಅಮ್ಮ ಔಷಧಿಯನ್ನು ನಿಜಕ್ಕೂ ದಿನವೂ ತೆಗೆದುಕೊಳ್ಳುತ್ತಿದ್ದಾರಾ ಅಂತ ಮನೆಯವರನ್ನು ಕೇಳಿ. ಒಂದು ದಿನ ಸಡಿಲ ಆದರೆ ಸಾಕು, ಮೂರು ದಿನ ನಿಲ್ಲಿಸಿಬಿಡುತ್ತಾರೆ. ಡೋಸ್ ಕಡಿಮೆ ಮಾಡಲು ಡಾಕ್ಟರನ್ನು ಕೇಳಬೇಕು, ಪೂರ್ತಿ ನಿಲ್ಲಿಸಬಾರದು.

ದೂರದ ಮಗ (ಮಂಗಳವಾರ, ಬೆಳಿಗ್ಗೆ 8:50)

ಫೋನ್ ಮಾಡಿ ಕೇಳಿದೆ. "ಬೇಕಾದಾಗ ತಗೋತೀನಿ" ಅಂದರು. ಸಿಕ್ಕಿಬಿದ್ದರು.

ಹಸಿರು ತಟ್ಟೆ (ಮಂಗಳವಾರ, ಮಧ್ಯಾಹ್ನ 12:10)

ಎಲ್ಲ ಓದಿದೆ. ಇಸಬ್ಗೋಲ್ ವಿಷಯದಲ್ಲಿ ಸೋಲು ಒಪ್ಪಿಕೊಂಡೆ. ಆದರೆ ಒಂದು ಭಯ. ಇದನ್ನು ಓದಿದವರು ನಾಳೆಯಿಂದ ರೋಗಿಗೆ ಹಣ್ಣು ತರಕಾರಿಯನ್ನೇ ನಿಲ್ಲಿಸಿಬಿಡುತ್ತಾರೆ. ಅದೂ ತಪ್ಪು ಅಲ್ವಾ?

ನೈಟ್‌ಡ್ಯೂಟಿ (ಮಂಗಳವಾರ, ಸಂಜೆ 5:05)

ತಪ್ಪೇ. ಈ ಮಾತನ್ನು ಎತ್ತಿದ್ದು ಒಳ್ಳೆಯದಾಯಿತು ಸರ್.

ಊಟದಲ್ಲಿರುವ ನಾರು ಬೇರೆ, ಡಬ್ಬಿಯ ನಾರಿನ ಪುಡಿ ಬೇರೆ. ಎದ್ದು ಓಡಾಡುವವರು, ಚೆನ್ನಾಗಿ ನೀರು ಕುಡಿಯುವವರು, ಮೋಷನ್ ಔಷಧಿ ತೆಗೆದುಕೊಂಡು ಸರಾಗ ಆಗುತ್ತಿರುವವರು ಮಾಮೂಲಿ ಊಟ ಮಾಡಲಿ, ಹಣ್ಣು ತರಕಾರಿ ಎಲ್ಲ. ನಾರು ಅಲ್ಲಿ ಜೊತೆಗಾರ. ಆದರೆ ಹಾಸಿಗೆ ಹಿಡಿದವರು, ದಿನಕ್ಕೆ ನಾಲ್ಕು ಗುಟುಕು ನೀರು ಕುಡಿಯುವವರು, ಎರಡು ತುತ್ತಿಗೇ ಹೊಟ್ಟೆ ತುಂಬುವವರು ಇದ್ದಾರಲ್ಲ, ಅವರಿಗೆ 25 ಗ್ರಾಮಿನ ಲೆಕ್ಕ ಹಿಡಿದು ತಿನ್ನಿಸಬೇಡಿ. ಆ ಲೆಕ್ಕ ಆರೋಗ್ಯವಂತರದ್ದು. ಎರಡೇ ತುತ್ತು ಹೋಗುವುದಾದರೆ ಅದು ಅವರಿಗೆ ಇಷ್ಟವಾದ, ಶಕ್ತಿ ಕೊಡುವ ತುತ್ತಾಗಲಿ. ಕೊನೆಗಾಲದಲ್ಲಿ ಮಕ್ಕಳು "ನಾರು, ನಾರು" ಅಂತ ಬೇಡದ್ದನ್ನು ಬಾಯಿಗೆ ತುರುಕುವುದನ್ನು ನೋಡಿ ನನಗೆ ಸಂಕಟ ಆಗಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ.

ಇಷ್ಟಾಗಿಯೂ ಡಾಕ್ಟರ್ ಒಪ್ಪಿ ಇಸಬ್ಗೋಲ್ ಕೊಡುವುದಾದರೆ ಪ್ರತಿ ಸಲ ಒಂದು ದೊಡ್ಡ ಲೋಟ, ಅಂದರೆ 240 ಮಿಲಿಲೀಟರ್ ಆದರೂ ನೀರಿನ ಜೊತೆ. ನುಂಗಲು ಕಷ್ಟ ಇರುವವರಿಗೆ ಬೇಡವೇ ಬೇಡ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಔಷಧಿಯಲ್ಲದ ಸಣ್ಣ ಸಂಗತಿಗಳೂ ಇವೆ. ತಿಂಡಿ ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಸ್ವಲ್ಪ ಎಚ್ಚರಗೊಳ್ಳುತ್ತದೆ, ಆಗ ಕೂರಿಸಿ. ಅವಸರ ಬರಲಿಲ್ಲ ಅಂದರೂ ಕೂರಿಸಿ, ಮಾರ್ಫಿನ್ನಿನಲ್ಲಿ ಅವಸರ ಬರುವುದೇ ಕಮ್ಮಿ. ಕಮೋಡಾದರೆ ಕಾಲ ಕೆಳಗೆ ಒಂದು ಸಣ್ಣ ಮಣೆ, ಮಂಡಿ ಸೊಂಟಕ್ಕಿಂತ ಮೇಲಿರಲಿ. ಬಾಗಿಲು ಹಾಕಿ ಹೊರಗೆ ಬನ್ನಿ. ಪಕ್ಕದಲ್ಲೇ ನಿಂತು "ಆಯ್ತಾ, ಆಯ್ತಾ" ಅಂದರೆ ಯಾರಿಗೆ ಆಗುತ್ತದೆ ಹೇಳಿ!

ಹಳೇ ಸೊಂಟ (ಮಂಗಳವಾರ, ಸಂಜೆ 5:20)

ನನ್ನ ಹೆಂಡತಿಗೆ ಈ ಕೊನೆಯ ಸಾಲನ್ನು ಓದಿ ಹೇಳಿದೆ.

ಮಳೆಬಿಲ್ಲು (ಭಾನುವಾರ, ಬೆಳಿಗ್ಗೆ 10:15)

ಹೇಗಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದರು, ಇಲ್ಲೇ ಬರೆಯುತ್ತೇನೆ.

ಬುಧವಾರ ಏನೂ ಇಲ್ಲ. ನನ್ನ ಕೈ ಇಸಬ್ಗೋಲ್ ಡಬ್ಬಿಯ ಕಡೆ ಹೋಗಿತ್ತು, ನಿಜ ಹೇಳುತ್ತೇನೆ. ಡಾಕ್ಟರಿಗೆ ಫೋನ್ ಮಾಡಿದೆ, ಸೆನ್ನಾ ಒಂದು ಮಾತ್ರೆ ಜಾಸ್ತಿ ಮಾಡಿದರು. ಗುರುವಾರ ಬೆಳಿಗ್ಗೆ ಆಯಿತು, ಶುಕ್ರವಾರ ಬಿಟ್ಟು ಶನಿವಾರ ಮತ್ತೆ. ಮಣೆ ಇಟ್ಟಿದ್ದೇನೆ. ಬಾಗಿಲು ಹಾಕಿ ಅಡುಗೆಮನೆಗೆ ಬಂದುಬಿಡುತ್ತೇನೆ.

ಆಸ್ಪತ್ರೆಯ ನರ್ಸ್ ಬ್ರಿಸ್ಟಲ್ ಚಾರ್ಟ್ ಅಂತ ಒಂದು ಚಿತ್ರದ ಹಾಳೆ ಕೊಟ್ಟಿದ್ದರು. ಮಲದ ಏಳು ರೂಪ, 1 ಅಂದರೆ ಹಿಕ್ಕೆ, 7 ಅಂದರೆ ನೀರು. ದಿನವೂ ನಂಬರ್ ಬರೆಯಿರಿ ಅಂದಿದ್ದರು. ನಾನು ಬರೆಯಲು ಹೋದರೆ ಅಪ್ಪ ನೋಟ್‌ಬುಕ್ ಕಿತ್ತುಕೊಂಡರು. ನಲವತ್ತು ವರ್ಷ ಲೆಕ್ಕಪತ್ರ ಬರೆದವರು, ಮಗಳ ಕೈಗೆ ಕೊಡುತ್ತಾರಾ? ತಾರೀಕು, ಹೊತ್ತು, ನಂಬರ್, ಎದುರಿಗೆ ಮಾರ್ಫಿನ್ ತೆಗೆದುಕೊಂಡ ಗಂಟೆ, ಎಲ್ಲ ಕಾಲಂ ಎಳೆದಿದ್ದಾರೆ. ಗುರುವಾರ 2, ಶನಿವಾರ 3. ಇವತ್ತು ಬೆಳಿಗ್ಗೆ 4 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು, ತಾವೇ ಸಹಿ ಹಾಕಿದ್ದಾರೆ.